ಆರು ಬೆರಳಿನ ಕಣ್ಣು

ದುಕ್ಮ್ ಬಂದರಿನ ಹಿಂದೆ ಕಂಟೇನರ್ ಆಫೀಸಿನಲ್ಲಿ
ಗೋಡೆ ತುಂಬ ಬಾಲಗಳ ಫೋಟೋ.
ಎಲ್ಲಕ್ಕೂ ನಂಬರು, ಹೆಸರಿರುವುದು ಕೆಲವಕ್ಕೆ.
ಕಪ್ಪಿನ ಅಡಿಯ ಬಿಳಿ ಚುಕ್ಕೆ, ಗೀರು, ಹರಿದ ಅಂಚು:
ಅದೇ ಇವುಗಳ ಹೆಬ್ಬೆಟ್ಟು ಎನ್ನುತ್ತಾರೆ ಡಾಕ್ಟರ್ ಶಮ್ಸಾ.

ನನ್ನ ಹೆಬ್ಬೆಟ್ಟು ಮಸ್ಕತ್ತಿನ ಮಷೀನಿಗೆ ಹತ್ತಲಿಲ್ಲ.
ಮೂರು ಸಲ ಒತ್ತಿಸಿದರು. ನೈಲಾನು ಎಳೆದೆಳೆದು
ಗೆರೆಯೆಲ್ಲ ಸವೆದಿದೆ ಅನ್ನಲು ಅರಬ್ಬಿ ಬರಲಿಲ್ಲ.
ಕೊನೆಗೆ ಕಿರುಬೆರಳು ಒಪ್ಪಿಕೊಂಡಿತು
ನಾನು ನಾನೇ ಎಂದು.

ಕೋಡಿಯ ಮೊಗವೀರ, ಹೆರಿಯಣ್ಣ. ಎರಡು ವರ್ಷಕ್ಕೊಮ್ಮೆ ವೀಸಾ.
ಬೇರೆ ಕಡಲಿನ ತಿಮಿಂಗಿಲಗಳು
ಮೇಯಲು ಹಿಮದ ಕಡೆ, ಹೆರಲು ಬಿಸಿಲಿನ ಕಡೆ ಹೋಗುತ್ತವಂತೆ.
ಇವು ಹೋಗುವುದಿಲ್ಲ. ಇಲ್ಲೇ ಉಂಡು, ಇಲ್ಲೇ ಹೆತ್ತು
ಸಾವಿರ ಸಾವಿರ ವರ್ಷ.
ಉಳಿದದ್ದು ನೂರರೊಳಗೆ.
ನಮ್ಮ ಕೇರಿಯ ಮತಪಟ್ಟಿ ಇದಕ್ಕಿಂತ ಉದ್ದ.

ನೀರಿಗೆ ಮೈಕು ಇಳಿಸಿ ಒಂದು ರಾತ್ರಿ ನನ್ನ ಕಿವಿಗೂ ಕೊಟ್ಟರು.
ಮೊದಲು ಕೇಳಿದ್ದು ಟ್ಯಾಂಕರು. ಆಮೇಲೆ ಇನ್ನೊಂದು ಟ್ಯಾಂಕರು.
ಸಂದಿನಲ್ಲಿ, ತುಕ್ಕು ಹಿಡಿದ ರಾಟೆ ತಿರುಗಿದ ಹಾಗೆ
ಯಾರೋ ಯಾರನ್ನೋ ಕರೆದು, ನಿಲ್ಲಿಸಿ,
ಹಡಗು ದಾಟಲೆಂದು ಕಾದು
ಮತ್ತೆ ಮೊದಲಿನಿಂದ.

ಇವತ್ತು ಮಸೀರಾದ ಕೆಳಗೆ ಎದ್ದದ್ದು ಐವತ್ತೆರಡು.
ಹಮೂದ್ ಇಂಜಿನ್ ಆರಿಸಿದ. ಅದರ ಉಸಿರು ಮೈಮೇಲೆ ಬಿತ್ತು,
ಹಳಸಿದ ಬೈಗೆ ಮೀನಿನ ವಾಸನೆ.
ಬಾಲ ಎತ್ತಲು ಆಗುತ್ತಿಲ್ಲ. ಬುಡಕ್ಕೆ ಹಸಿರು ಬಲೆ,
ಸುತ್ತ ಚೌಕ ಚೌಕ ಗುಲಾಬಿ ಗಾಯ.
ಗಳುವಿನ ತುದಿಯ ಕೊಕ್ಕೆಗತ್ತಿಯಲ್ಲಿ ಎರಡು ಗಂಟೆ ಕೊಯ್ದೆವು.
ಬಿಟ್ಟುಕೊಂಡದ್ದು ಒಂದು ತುಂಡು. ಉಳಿದದ್ದರ ಜೊತೆ ಮುಳುಗಿತು.

"ಯಾವ ಬಲೆ, ಹೆರಿ?"

ಅಂಜಲ್ ಬಲೆ. ಕಣ್ಣು ಆರು ಬೆರಳು.
ಗಂಟು ಇಲ್ಲಿಯವರದಲ್ಲ. ಎಡಕ್ಕೆ ಎರಡು ಸುತ್ತು,
ಅಪ್ಪ ಕಲಿಸಿದ್ದು: "ಎಷ್ಟ್ ಒದ್ರೂ ಜಾರುದಿಲ್ಲ, ಕಾಣ್."
ಈ ದೋಣಿಗೆ ಬರುವ ಮುಂಚೆ ನಾಲ್ಕು ವರ್ಷ
ಮಸೀರಾದ ಮರಳಿನಲ್ಲಿ ಕೂತು ಕಟ್ಟಿದ್ದೆ ಇಂಥವು,
ಗಂಟೆಗಿಷ್ಟು ಬೈಸೆ.
ಜಾರಿಲ್ಲ.

ಹಾಳೆಯಲ್ಲಿ 'ಬಲೆಯ ಮೂಲ' ಎಂಬ ಖಾನೆ.
ಡಾಕ್ಟರು 'ಗೊತ್ತಿಲ್ಲ' ಎಂದು ಬರೆಯುತ್ತಿದ್ದರು.
ಪೆನ್ನು ಕೊಡಿ ಎಂದೆ.

ಇಪ್ಪತ್ತು ನಿಮಿಷವಾಯಿತು. ಮೇಲೆ ಬಂದಿಲ್ಲ.
ಹಮೂದ್ ಇಂಜಿನ್ ಹಚ್ಚದೆ
ನೀರು ನೋಡುತ್ತಿದ್ದಾನೆ.