ಮೂರನೆಯ ಕೂಗು

ಮೂರು ಕಾರ್ಖಾನೆ, ಮೂರು ಸೈರನ್ನು.
ಒಂದು ಹಡಗಿನ ಹಾಗೆ, ಒಂದು ಹದ್ದಿನ ಹಾಗೆ,
ನಮ್ಮದು ಕರು ಸತ್ತ ಹಸುವಿನ ಹಾಗೆ.
ದೋಣಿ ದಡ ಮುಟ್ಟಿದ್ದೇ ತಡ, ರಾತ್ರಿ ಎರಡಾಗಲಿ ಮೂರಾಗಲಿ,
ಕೂಗಿದ್ದು ಯಾವುದೆಂದು ನಿದ್ದೆಗಣ್ಣಲ್ಲೇ ಗುರುತು ಹಿಡಿದು
ಓಡುತ್ತಿದ್ದರು ಹೆಂಗಸರು, ಏಪ್ರನ್ನಿನ ಗಂಟು ದಾರಿಯಲ್ಲೇ ಬಿಗಿಯುತ್ತ.
ಮೀನು ಕಾಯುವುದಿಲ್ಲವಲ್ಲ.
ಬಾಯ್ಲರ್ ನೋಡುತ್ತಿದ್ದವನು ನಾನು. ತಂತಿ ಎಳೆಯುತ್ತಿದ್ದವನೂ.

ಮೊದಲು ಹಡಗು ನಿಂತಿತು, ಆಮೇಲೆ ಹದ್ದು.
ನಮ್ಮ ಬಾಗಿಲಿಗೊಂದು ಚೀಟಿ: 'ಸೋಮವಾರ ಬನ್ನಿ.'
ಯಾವ ಸೋಮವಾರ ಎಂದು ಬರೆದಿರಲಿಲ್ಲ.

ವಿಲಾ ದ ಗಾರ್ಸಾ ಎಂಬ ನಮ್ಮೂರು
ಮೂವತ್ತು ವರ್ಷ ಏನೇನೋ ವೇಷ ಕಟ್ಟಿತು.
ಗೋಡೆಗೆಲ್ಲ ನೀಲಿ ಮೀನು ಬರೆಸಿದೆವು, ಬಿಸಿಲಿಗೆ ಹೆಕ್ಕಳಿಕೆ ಎದ್ದವು.
ಗಾಲ್ಫ್ ಮೈದಾನ ಬರುತ್ತದೆಂದು ಮೇಯರ್ ಫಿರ್ಮೀನು ಗೂಟ ನೆಟ್ಟ;
ಗೂಟಕ್ಕೆ ಯಾರೋ ಕತ್ತೆ ಕಟ್ಟಿದರು.
ಚಿಮಣಿ ಕೆಡವಲು ಬಂದವರು
ತುದಿಯಲ್ಲಿ ಕೊಕ್ಕರೆ ಗೂಡು ಕಂಡು, ಕಾನೂನಿಗೆ ಹೆದರಿ ತಿರುಗಿ ಹೋದರು.
ಊರು ಉಳಿಸಿದ್ದು ಆ ಕೊಕ್ಕರೆ ಅನ್ನುತ್ತೇನೆ ನಾನು.
ಅಲ್ಲ ಅನ್ನುತ್ತಾಳೆ ಝುಲ್ಮೀರಾ.

ಗುಡ್ಡದಾಚೆ ಪ್ಲಾಸ್ಟಿಕ್ ಗುಡಾರಗಳಲ್ಲಿ ರಾಸ್‌ಬೆರಿ ಬಿಡಿಸಲು
ನೇಪಾಳದಿಂದ ಬಂದರು.
ಮುಚ್ಚಲಿದ್ದ ಶಾಲೆಯಲ್ಲಿ ಒಂಬತ್ತು ಮಕ್ಕಳಿದ್ದರು, ಇಪ್ಪತ್ತಾರಾದರು.
ಬೇಕರಿ ಪಕ್ಕ ಯಾರೋ ಮೆಣಸಿನಕಾಯಿ ಒಣಹಾಕಿದರು.
ಮೊದಲು ಸೀನಿದೆವು. ಆಮೇಲೆ ಬೆಲೆ ಕೇಳಿದೆವು.

ಹಾಗೆ ತೆರೆಯಿತು ಮೂರನೆಯ ಕಾರ್ಖಾನೆ, ಅರ್ಧ ಬಾಗಿಲು ಮಾತ್ರ.
ಹನ್ನೊಂದು ಹೆಂಗಸರು, ಹನ್ನೊಂದು ಪಾಲು ಸಾಲ.
ಎಪ್ಪತ್ತಮೂರರ ಝುಲ್ಮೀರಾ ಪಬಿತ್ರಾಳ ಬೆರಳು ಹಿಡಿದು ಕಲಿಸುತ್ತಾಳೆ:
ತಲೆ, ಬಾಲ, ಬಾಲ, ತಲೆ,
ಒಂದೇ ಹಾಸಿಗೆಯ ಮಕ್ಕಳ ಹಾಗೆ. ಒತ್ತಬೇಡ, ಒಡೆಯುತ್ತೆ.
ಇಬ್ಬರಿಗೂ ಬಾರದ ಇಂಗ್ಲಿಷಿನಲ್ಲಿ ನಗುತ್ತಾರೆ.
ಎಣ್ಣೆಗೆ ಒಂದು ಒಣಮೆಣಸು ಇಟ್ಟವಳು ಪಬಿತ್ರಾ;
ಲಿಸ್ಬನ್ನಿನ ಅಂಗಡಿಯಲ್ಲಿ ಮೊದಲು ಖಾಲಿಯಾಗುವುದು ಅದೇ ಡಬ್ಬಿ.

ಉದ್ಘಾಟನೆಗೆ ಸೈರನ್ ಕೂಗಿಸೋಣ ಎಂದೆ.
ತುಕ್ಕು ಉಜ್ಜಿ, ಎಣ್ಣೆ ಬಿಟ್ಟು, ಸಿದ್ಧ ಮಾಡಿದ್ದೆ.
ಹಳೆಯದು ಕೇಳಿದರೆ ಜನಕ್ಕೆ ಕಣ್ಣು ತುಂಬುತ್ತೆ, ಚೆನ್ನಾಗಿರುತ್ತೆ.

ಝುಲ್ಮೀರಾ ಕೈ ಒರೆಸಿಕೊಂಡಳು.
'ನನ್ನ ಮೊದಲನೆಯವನಿಗೆ ಜ್ವರ ಆ ರಾತ್ರಿ.
ಕೂಗಿತು. ಹೋದೆ.
ಐನೂರು ಡಬ್ಬಿ ತುಂಬುವಷ್ಟರಲ್ಲಿ ಏಪ್ರನ್ನಿನೊಳಗೆ ಹಾಲು ಸೋರಿ
ಮೀನಿನ ನೀರು ಯಾವುದು, ನನ್ನದು ಯಾವುದು ತಿಳಿಯಲಿಲ್ಲ.
ಬೆಳಗ್ಗೆ ಮನೆಗೆ ಬಂದರೆ...
ಕೂಗಿಸು, ಬೇಕಿದ್ದರೆ. ನಾನು ಬರುವುದಿಲ್ಲ.'

ಆ ರಾತ್ರಿಯ ಪಾಳಿ ಯಾರದೆಂದು ಅವಳು ಕೇಳಲಿಲ್ಲ.
ನಾನು ಹೇಳಲಿಲ್ಲ.

ಸೈರನ್ ಈಗ ಅಂಗಳದಲ್ಲಿದೆ, ಬಾಯಿ ಮೇಲಾಗಿ.
ಮಣ್ಣು ತುಂಬಿ ಪಬಿತ್ರಾ ಕೊತ್ತಂಬರಿ ಬಿತ್ತಿದ್ದಾಳೆ,
ಅವರ ಸಾರಿಗೂ ನಮ್ಮ ಸೂಪಿಗೂ ಆಗುವ ಸೊಪ್ಪು.
ಸಾಲ ತೀರಲು ಇನ್ನೂ ಏಳು ವರ್ಷ.
ನಿನ್ನೆ ಅವಳ ಮಗುವಿಗೆ ಕೆಮ್ಮು. ಬರಲಿಲ್ಲ.
ಐಸಿನ ಮೇಲೆ ಮಲಗಿ
ಮೀನು ಕಾಯಿತು.