ಉಪ್ಪಿನ ಪೊಟ್ಟಣ

ಗ್ಯುಮ್ರಿಯಲ್ಲಿ ಕರಿಕಲ್ಲು ಕೆತ್ತುವವನು ನಾನು.
ಸುತ್ತಿಗೆಯ ಹಿಡಿಯಿಂದ ಒಮ್ಮೆ ತಟ್ಟಿದರೆ ಸಾಕು,
ಒಳಗೆ ಬಿರುಕಿದೆಯೋ ಇಲ್ಲವೋ ಕಲ್ಲೇ ಹೇಳುತ್ತದೆ.
ಮಗನ ತಲೆಯನ್ನು ಯಾರು ತಟ್ಟಿ ನೋಡಬೇಕು?
ಡಾಕ್ಟರು ದೀಪದ ಹಲಗೆಗೆ ಫಿಲ್ಮು ಸಿಕ್ಕಿಸಿ
ಬಿಳಿಯೊಳಗೆ ಇನ್ನೊಂದು ಬಿಳಿ ತೋರಿಸಿದರು.
"ಇಲ್ಲಿ ಊತ. ಕಾಯಬೇಕು."
ಎಷ್ಟು ದಿನ ಅಂತ ಕೇಳಲು ಬಾಯಿ ಬರಲಿಲ್ಲ.

ಆ ರಾತ್ರಿಯೇ ಹರಕೆ ಹೊತ್ತೆ.
ಕುರಿಗೆ ದುಡ್ಡಿರಲಿಲ್ಲ. ಹಿತ್ತಲಲ್ಲಿ ಹುಂಜವಿತ್ತು,
ತಾತೂಲ್ ಮರಿಯಿಂದ ಸಾಕಿದ್ದು, ಒಂಟಿಗಣ್ಣಿನದು.
ದೇವರೇ, ಇದನ್ನು ತಗೋ ಅಂದೆ,
ಸಂತೆಯಲ್ಲಿ ಚೌಕಾಸಿ ಮಾಡುವವನ ದನಿಯಲ್ಲಿ.
ಪಾದ್ರಿ ತೇರ್ ಹೂಸಿಕ್ ಉಪ್ಪಿನ ಮೇಲೆ ಕೈಯಿಟ್ಟು ಪ್ರಾರ್ಥಿಸಿ
ಕಾಗದದಲ್ಲಿ ಕಟ್ಟಿಕೊಟ್ಟರು:
"ಮಗು ಮಾತಾಡಿದ ದಿನ ಹುಂಜಕ್ಕೆ ಇದನ್ನು ನೆಕ್ಕಿಸು.
ಕೊಯ್ದು, ಬರೀ ನೀರಲ್ಲಿ ಬೇಯಿಸಿ, ಏಳು ಮನೆಗೆ ಹಂಚು."

ನಲವತ್ತೊಂದು ದಿನ.
ನರ್ಸ್ ಅರ್ಪೇನಿಕ್ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವಳು,
ಗಂಟಲ ತೂತಿನ ಕೊಳವೆ ಒರೆಸುವಳು.
ಶೋಗಿಕ್ ಅವನ ಅಂಗೈಯಲ್ಲಿ ಬೆರಳಿಟ್ಟು ಕೂರುವಳು.
ಹಿಡಿದ, ಅನ್ನುವಳು. ನಾನು ನೋಡಿದರೆ, ಇಲ್ಲ.
ಹಿಡಿದ, ಅನ್ನುವಳು ಮತ್ತೆ.
ನಂಬಿಕೆ ಅವಳದು. ನನ್ನದು ಜೇಬಿನ ಉಪ್ಪು,
ಬೆವರಿಗೆ ಹೆಪ್ಪುಗಟ್ಟಿ ಕಲ್ಲಾಗುತ್ತಿದ್ದದ್ದು.

ಒಮ್ಮೆ ಚರ್ಚಿನ ಮರಳುತಟ್ಟೆಯಲ್ಲಿ ಮೇಣದಬತ್ತಿ ನೆಟ್ಟು
ದೇವರನ್ನು ಬೈದೆ, ಕಲ್ಲುಗಣಿಯ ಬೈಗುಳದಲ್ಲಿ, ಜೋರಾಗಿ.
ಪಕ್ಕದ ಮುದುಕಿ ಶಿಲುಬೆ ಗುರುತು ಹಾಕಿಕೊಂಡಳು,
ಸರಿದು ನನಗೂ ಜಾಗ ಕೊಟ್ಟಳು.

ಮಾರ್ಚ್ ಕೊನೆಗೆ ಮನೆಗೆ ತಂದೆವು.
ಅವನ ಎಡಗೈ ಇನ್ನೂ ಬೇರೆ ಯಾರದ್ದೋ.
ಗಂಜಿ ನುಂಗುವುದನ್ನು ಮೊದಲಿಂದ ಕಲಿಯುತ್ತಿದ್ದ.
ಹದಿಮೂರನೇ ಬೆಳಗ್ಗೆ ಹುಂಜ ಕೂಗಿತು.
ತುಟಿಯ ಒಂದೇ ಬದಿ ಮೇಲೆದ್ದು
"ಜನರಲ್," ಅಂದ ತಾತೂಲ್.
ಅಪ್ಪ ಅಲ್ಲ, ಅಮ್ಮ ಅಲ್ಲ.
ಹುಂಜಕ್ಕೆ ಅವನೇ ಇಟ್ಟಿದ್ದ ಹೆಸರು.
ಶೋಗಿಕ್ ಬರಿಗಾಲಲ್ಲಿ ಹಿಮಕ್ಕೆ ಓಡಿ ಅದನ್ನು ಎತ್ತಿ ತಂದಳು.
ಅದು ಅವಳ ಮುಂಗೈ ಕುಕ್ಕಿ ರಕ್ತ ಬರಿಸಿತು.
ಇಬ್ಬರೂ ನನ್ನ ಮುಖ ನೋಡಲಿಲ್ಲ.

ಉಪ್ಪು ಈಗ ಕಿಟಕಿಯಲ್ಲಿದೆ.
ತೇರ್ ಹೂಸಿಕ್ ಮನೆ ಕಡೆ ನಾನು ಹಾಯುತ್ತಿಲ್ಲ,
ಕೇಳಿದರೆ ಹೇಳಿಬಿಟ್ಟಾರು.
ಹಿತ್ತಲಿಗೆ ಹೋದರೆ ಸಾಲ ಕೊಟ್ಟವನ ಹಾಗೆ
ಒಂದೇ ಕಣ್ಣಲ್ಲಿ ದಿಟ್ಟಿಸುತ್ತದೆ ಜನರಲ್.

ನಿನ್ನೆ ಪೊಟ್ಟಣ ಬಿಚ್ಚಿ, ಬೆರಳಿಟ್ಟು, ತಾತೂಲ್
ಪದಕ್ಕಾಗಿ ತಡಕಾಡಿದ.
ಎತ್ತಿಕೊಡಬೇಡಿ ಅಂದಿದ್ದರು ಡಾಕ್ಟರು. ಕಾದೆ.
ಒಲೆಯ ಮೇಲಿನ ನೀರು ಕುದಿದು ಅರ್ಧವಾಯಿತು.
"ಹಿಮ," ಅಂದ ಕೊನೆಗೆ.
ಹೌದು, ಹಿಮ ಅಂದೆ.
ಕರಗುವ ತನಕ ಅಲ್ಲೇ ಇರಲಿ ಬಿಡು.