ತೂಬ್ಲಿಯಲ್ಲಿ ಏಡಿ ಲೆಕ್ಕ

ಮನಾಮಾದ ಸೂಕಿನಲ್ಲಿ ಉಗುರುಬಣ್ಣದ ಶೀಶೆ ಕೇಳಿದರೆ
ಅಂಗಡಿಯವ ಕಣ್ಣು ಮಿಟುಕಿಸಿದ: ಊರಿಗೆ ಹೊರಟಿರಾ?
ಇಲ್ಲ, ಏಡಿಗೆ, ಅಂದೆ.
ಅವನು ನಗಲಿಲ್ಲ. ಚಿಲ್ಲರೆ ಎಣಿಸಿಕೊಟ್ಟ.

ಇಳಿತದ ಹೊತ್ತಿಗೆ ತೂಬ್ಲಿ ಕೊಲ್ಲಿಯ ಕೆಸರು
ಮೊಣಕಾಲ ತನಕ ಬೆಚ್ಚಗೆ ಹಿಡಿಯುತ್ತದೆ.
ಬಕೆಟ್ಟು ನನ್ನದು, ಬುದ್ಧಿ ಡಾಕ್ಟರ್ ಬದ್ರಿಯಾರದು.
ಮೊದಲ ದಿನ ಹಿಡಿದದ್ದು ನಲವತ್ತು.
ಒಂದೊಂದರ ಬೆನ್ನಿಗೂ ಒಂದು ಕೆಂಪು ಚುಕ್ಕೆ ಇಟ್ಟು,
ಒಣಗಲೆಂದು ಊದಿ, ಬಿಲದ ಬಾಯಿಗೇ ಬಿಟ್ಟೆವು.
ವಾರ ಕಳೆದು ಹಿಡಿದದ್ದು ಐವತ್ತು;
ಚುಕ್ಕೆಯವು ಎಂಟು.
ನಲವತ್ತನ್ನು ಐವತ್ತರಿಂದ ಗುಣಿಸು, ಎಂಟರಿಂದ ಭಾಗಿಸು, ಅಂದರು.
ಕೈಯೆಲ್ಲ ಕೆಸರು, ಬಾಯಲ್ಲೇ ಮಾಡಿದೆ:
ಇನ್ನೂರೈವತ್ತು.
ಕಾಣದ್ದನ್ನು ಎಣಿಸಲು ಇಷ್ಟು ಸಾಕೆ?

ಸಾಕು, ಮೂರು ಷರತ್ತು, ಅಂದರು ಬೂಟು ಕೆರೆಯುತ್ತ.
ಹೊರಗಿನದು ಒಳಗೆ ಬರಬಾರದು.
ಒಳಗಿನದು ಹೊರಗೆ ಹೋಗಬಾರದು.
ಗುರುತು ಅಳಿಯಬಾರದು.

ನನಗೆ ಸಲ್ಮಾಬಾದಿನ ಕೋಣೆ ನೆನಪಾಯಿತು.
ಆರು ಅಂತಸ್ತಿನ ಮಂಚ, ಹನ್ನೊಂದು ಜನ, ಕೆಮ್ಮುವ ಒಂದು ಏಸಿ.
ಅಲ್ಲಿ ಯಾರೂ ಹುಟ್ಟುವುದಿಲ್ಲ.
ತೊಟ್ಟಿಲಿಲ್ಲ, ಊರುಗೋಲಿಲ್ಲ,
ಇಪ್ಪತ್ತೆರಡಕ್ಕೆ ಶುರುವಾಗಿ ಐವತ್ತೈದಕ್ಕೆ ಮುಗಿಯುವ
ಬರೀ ಗಂಡಸರ ತಳಿ.
ಆದರೂ ಮಂಚ ಖಾಲಿ ಬೀಳುವುದಿಲ್ಲ.
ಥಾಪಾ ಹೋದ ರಾತ್ರಿಯೇ ಅವನ ದಿಂಬಿನ ಎಣ್ಣೆಕಲೆಯ ಮೇಲೆ
ಸಿಲ್ಹೆಟ್ಟಿನ ಹುಡುಗನೊಬ್ಬ ತಲೆಯಿಟ್ಟಿದ್ದ.
ಕೆಸರಿಗೊಂದು ಹೊರುವ ಶಕ್ತಿ ಇದೆಯಂತೆ:
ಇಷ್ಟೇ ಬಿಲ, ಇಷ್ಟೇ ಮೇವು.
ಕೋಣೆಗೆ ಎಷ್ಟೆಂದು
ಬೆಳಗಿನ ನಾಲ್ಕಕ್ಕೆ ಪಾಯಿಖಾನೆ ಮುಂದಿನ ಸಾಲು ಹೇಳುತ್ತದೆ.

ಪಾಂಡುರಂಗ ಖಾರ್ವಿ ಇವನ್ನು ಕುರ್ಲಿ ಅನ್ನುತ್ತಿದ್ದ,
ಸಾರಿಗೂ ಸಾಲದ ಜಾತಿ ಎಂದು ಮೂಗು ಮುರಿಯುತ್ತಿದ್ದ.
ಎರಡು ತಿಂಗಳ ರಜೆಗೆಂದು ಹೋದ.
ಗಾಜಿನ ಮೇಲೆ ಹೆಬ್ಬೆರಳೊತ್ತಿ ಒಳಬರುವವರ ಸಾಲಿನಲ್ಲಿ
ಮತ್ತೆ ಸಿಗಲಿಲ್ಲ.
ಫೋನು ಸ್ವಿಚ್ ಆಫ್.
ಸತ್ತನೋ, ಬೇರೆ ದಡ ಹಿಡಿದನೋ,
ಬಲೆಯ ಗುಟ್ಟು ತಿಳಿದು ಜಾಣನಾದನೋ,
ಸೂತ್ರಕ್ಕೆ ಮೂರೂ ಒಂದೇ.

ಈ ಸಲ ದಡದ ತುಂಬ ಲಾರಿ.
ಕಾಂಡ್ಲಾ ಗಿಡಗಳ ಉಸಿರುಬೇರಿನ ಮೇಲೆ ಕಲ್ಲು ಸುರಿದು
ಹೊಸ ನೆಲ ಮಾಡುತ್ತಿದ್ದರು.
ಅದೇ ಚೌಕಟ್ಟಿನಲ್ಲಿ ಎಪ್ಪತ್ತು ಸಿಕ್ಕವು.
ಏಡಿ ಹೆಚ್ಚಿವೆ ಮೇಡಂ! ಅಂದೆ.
ಜಾಗ ಕಡಿಮೆಯಾಗಿದೆ, ಅಂದರು.
ಎಪ್ಪತ್ತರಲ್ಲಿ ಚುಕ್ಕೆಯದು ಒಂದೂ ಇಲ್ಲ.
ನಾನು ಗುಣಿಸಲು ಶುರುಮಾಡಿದ್ದೆ,
ಬಿಡು, ಸೊನ್ನೆಯಿಂದ ಭಾಗಿಸಲಾಗದು.

ಬಕೆಟ್ಟು ತೊಳೆಯುವಾಗ ತಳದಲ್ಲಿತ್ತು
ಒಂದು ಪೊರೆ, ಈರುಳ್ಳಿ ಸಿಪ್ಪೆಯಷ್ಟು ಹಗುರ,
ಕಾಲು, ಇಕ್ಕಳ ಎಲ್ಲ ಇದ್ದ ಹಾಗೇ,
ಬೆನ್ನ ಮೇಲೆ ನಾನೇ ಇಟ್ಟ ಕೆಂಪು ಚುಕ್ಕೆ.
ಒಳಗೆ ಯಾರೂ ಇಲ್ಲ.
ಅದರ ಏಡಿ ಈಗ ಎಲ್ಲೋ ಕೆಸರಲ್ಲಿ
ಮೆತ್ತಗೆ, ಮೊದಲಿಗಿಂತ ದೊಡ್ಡದಾಗಿ,
ಎಪ್ಪತ್ತರೊಳಗೊಂದೂ ಇರಬಹುದು.

ಹಾಳೆಯಲ್ಲಿ ಇದಕ್ಕೆ ಕಾಲಮ್ಮು ಇರಲಿಲ್ಲ.